ಮೋಟಾರ್‌ಸೈಕಲ್ಲಿನ ಮುಂಬ್ರೇಕ್ ಮಾಸ್ಟರ್ ಸಿಲಿಂಡರ್

ಮೋಟಾರ್‌ಸೈಕಲ್ಲಿನ ಬಲ ಹ್ಯಾಂಡಲ್ ಮೇಲೆ, ಬ್ರೇಕ್ ಲಿವರಿನ ಬುಡಕ್ಕೆ ಅಂಟಿಕೊಂಡು ಕೂತಿರುವ ಚಿಕ್ಕ ಅಲ್ಯೂಮಿನಿಯಂ ಡಬ್ಬಿಯೇ ಮುಂಬ್ರೇಕಿನ ಮಾಸ್ಟರ್ ಸಿಲಿಂಡರ್. ಸವಾರನ ಬೆರಳುಗಳ ಬಲವನ್ನು ಬ್ರೇಕ್ ಆಯಿಲ್‌ನ ಒತ್ತಡವನ್ನಾಗಿ ಮಾಡಿ, ಹೋಸ್ ಪೈಪಿನ ಮೂಲಕ, ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಕ್ಯಾಲಿಪರಿಗೆ ಮುಟ್ಟಿಸುವುದು ಇದರ ಕೆಲಸ. ಗ್ಯಾರೇಜುಗಳಲ್ಲಿ ಇದಕ್ಕೆ ಬರೀ ‘ಮಾಸ್ಟರ್’ ಎಂದೇ ಹೆಸರು. ಒಳಗಿನ ಪಿಸ್ಟನ್ನು, ರಬ್ಬರು, ಸ್ಪ್ರಿಂಗುಗಳ ಪೊಟ್ಟಣಕ್ಕೆ ‘ಮಾಸ್ಟರ್ ಕಿಟ್’. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದು. ಹಾಗಾಗಿ ಈ ಡಬ್ಬಿಯೊಳಗಿನ ಪುಟ್ಟ ರಬ್ಬರ್ ತುಂಡುಗಳ ಮೇಲೆ ಒಂದು ಜೀವ, ಕೆಲವೊಮ್ಮೆ ಒಂದು ಕುಟುಂಬ, ಕೂತಿರುತ್ತದೆ.

ಹೈದರಾಬಾದಿನಲ್ಲಿ ಈ ಭಾಗಕ್ಕೆ ಎರಡು ಕಾರಣಕ್ಕೆ ವಿಶೇಷ ಮಹತ್ವ. ಇಲ್ಲಿನ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕಪ್ಪು ಬಣ್ಣದ ಮಾಸ್ಟರ್ ನೇರ ಬಿಸಿಲಲ್ಲಿ ನಿಂತರೆ ಮುಟ್ಟಲಾಗದಷ್ಟು ಕಾಯುತ್ತದೆ, ಮತ್ತು ಅದರ ಮುಖ್ಯ ಕಾಯಿಲೆಗಳಲ್ಲೊಂದು ಬಿಸಿಗೇ ಹೊರಬೀಳುವಂಥದ್ದು. ಇನ್ನೊಂದು, ಇದು ಬಿಡಿಭಾಗಗಳ ದೊಡ್ಡ ಪೇಟೆಯ ಊರು. ಹೊಸದು, ಹಳೆಯದು, ಕಂಪನಿಯದು, ನಕಲಿ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುವ ಕಡೆ ‘ಯಾವುದು ನನ್ನ ಗಾಡಿಯದು’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಹೋದವನು ತಪ್ಪು ಮಾಲು ಹಿಡಿದು ಬರುತ್ತಾನೆ.

ಹಿನ್ನೆಲೆ

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತದೆ ಎಂಬುದನ್ನು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿದ್ದ. ಅದನ್ನು ವಾಹನದ ಬ್ರೇಕಿಗೆ ತಂದವನು ಅಮೆರಿಕದ ಮಾಲ್ಕಂ ಲಾಕ್‌ಹೀಡ್. ಅವನ ಪೇಟೆಂಟ್ 1917ರದು, 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ಅದನ್ನು ನಾಲ್ಕೂ ಚಕ್ರಕ್ಕೆ ಅಳವಡಿಸಿತು. ದ್ವಿಚಕ್ರಕ್ಕೆ ಬರಲು ಮತ್ತಷ್ಟು ಕಾಲ ಹಿಡಿಯಿತು. 1962ರ ಲ್ಯಾಂಬ್ರೆಟಾ ಟಿವಿ 175 ಸ್ಕೂಟರಿನಲ್ಲಿ ಡಿಸ್ಕ್ ಇತ್ತಾದರೂ ಅದನ್ನು ಎಳೆಯುತ್ತಿದ್ದುದು ಕೇಬಲ್. 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ 750 ಆಯಿಲ್ ಒತ್ತಡದ ಮುಂದಿನ ಡಿಸ್ಕನ್ನು ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಮೋಟಾರ್‌ಸೈಕಲ್ಲಿಗೆ ತಂದಿತು. ಹ್ಯಾಂಡಲ್ ಮೇಲಿನ ಡಬ್ಬಿ ಜಗತ್ತಿಗೆ ಪರಿಚಯವಾದದ್ದು ಹೀಗೆ.

ಭಾರತದಲ್ಲಿ 1980ರ ದಶಕದ ಎನ್‌ಫೀಲ್ಡ್ ಫ್ಯೂರಿ 175ಕ್ಕೆ ಬ್ರೆಂಬೊ ಕಂಪನಿಯ ಡಿಸ್ಕ್ ಇತ್ತು, ಆದರೆ ಆ ಗಾಡಿ ಹೆಚ್ಚು ಓಡಲಿಲ್ಲ. ಹೈದರಾಬಾದಿನಲ್ಲೇ ತಯಾರಾಗುತ್ತಿದ್ದ ಆಲ್ವಿನ್ ಪುಷ್ಪಕ್ ಸ್ಕೂಟರಿಗೂ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಿಗೂ ಡ್ರಮ್ ಬ್ರೇಕೇ. 1999ರ ಹೀರೊ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್ ಬಂದ ಮೇಲೆ ಮುಂದಿನ ಡಿಸ್ಕ್ ಸಾಮಾನ್ಯ ಸವಾರನ ಕೈಗೆ ಸಿಕ್ಕಿತು. ಕೇಂದ್ರ ಸರ್ಕಾರದ ನಿಯಮದಂತೆ 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಗಾಡಿಗಳಿಗೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್, 125 ಸಿಸಿಯವರೆಗಿನವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಎಂದರೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ಜೋಡಣೆ. ಡಬ್ಬಿಯ ಗುರುತು ಹಿಡಿಯುವಾಗ ಇದು ಮತ್ತೆ ಎದುರಾಗುತ್ತದೆ.

ಒಳಗೆ ಏನಿದೆ

ಡಬ್ಬಿಗೆ ಎರಡು ಅಂಗ. ಮೇಲೆ ಆಯಿಲ್ ಇರುವ ತೊಟ್ಟಿ, ಕೆಳಗೆ ಅಡ್ಡಲಾಗಿ ಕೊರೆದ ಉರುಟು ಕೊಳವೆ. ಕೊಳವೆಯೊಳಗೆ ಒಂದು ಸ್ಪ್ರಿಂಗು, ಅದರ ಹಿಂದೆ ಪಿಸ್ಟನ್. ಪಿಸ್ಟನ್ನಿನ ಮುಂದಿನ ತಲೆಗೆ ಬಟ್ಟಲಿನಂಥ ಒಂದು ರಬ್ಬರ್ ಕಪ್ಪು, ಬಾಲದ ಕಡೆಗೆ ಇನ್ನೊಂದು. ಮುಂದಿನದು ಒತ್ತಡ ಕಟ್ಟುವ ಕಪ್ಪು. ಹಿಂದಿನದು ಆಯಿಲ್ ಹೊರಗೆ ಸೋರದಂತೆ ತಡೆಯುವುದು. ಬಾಯಿಗೆ ಪಿಸ್ಟನ್ ಹೊರಬೀಳದಂತೆ ಹಿಡಿದಿಡುವ ಒಂದು ಸರ್ಕ್ಲಿಪ್, ಅದರ ಮೇಲೆ ಧೂಳು ತಡೆಯುವ ರಬ್ಬರ್ ಟೋಪಿ. ಲಿವರಿನ ಮೂತಿ ಅಲ್ಲಿಂದ ಪಿಸ್ಟನ್ನನ್ನು ತಳ್ಳುತ್ತದೆ.

ತೊಟ್ಟಿಯ ತಳದಲ್ಲಿ ಎರಡು ತೂತುಗಳಿವೆ, ಈ ಲೇಖನದ ಅರ್ಧ ಭಾರ ಅವುಗಳ ಮೇಲಿದೆ. ಒಂದು ದೊಡ್ಡದು, ಎಲ್ಲರ ಕಣ್ಣಿಗೂ ಕಾಣುವಂಥದ್ದು. ಇದರಿಂದ ಇಳಿದ ಆಯಿಲ್ ಎರಡು ಕಪ್ಪುಗಳ ನಡುವಿನ ಜಾಗದಲ್ಲಿ ನಿಂತಿರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ ಸರ್ರನೆ ಹಿಂದೆ ಬರುವುದಕ್ಕೆ ಅದೇ ಆಯಿಲ್ ಕಪ್ಪಿನ ಅಂಚು ದಾಟಿ ಮುಂದಕ್ಕೆ ಹರಿದು ಜಾಗ ತುಂಬುತ್ತದೆ. ಇನ್ನೊಂದು ತೂತು ಸೂಜಿಮೊನೆಯಷ್ಟು, ಸುಮಾರು ಅರ್ಧ ಮಿಲಿಮೀಟರ್. ಬಹುಪಾಲು ಮಾಸ್ಟರ್‌ಗಳಲ್ಲಿ ಅದು ಒಂದು ಪುಟ್ಟ ಗುಳಿಯ ತಳದಲ್ಲಿ ಅಡಗಿರುತ್ತದೆ. ಮೇಲೆ ತಗಡಿನ ತುಂಡೊಂದನ್ನು ಮುಚ್ಚಿಟ್ಟಿರುವುದೂ ಉಂಟು. ಲಿವರ್ ಬಿಟ್ಟ ಸ್ಥಿತಿಯಲ್ಲಿ ಈ ಸಣ್ಣ ತೂತು ಮುಂದಿನ ಕಪ್ಪಿನ ಎದುರಿಗೆ, ಒಂದು ಕೂದಲಳತೆ ಮುಂದೆ, ತೆರೆದಿರುತ್ತದೆ. ಅಂದರೆ ಬ್ರೇಕ್ ಹಿಡಿಯದಿದ್ದಾಗ ಕ್ಯಾಲಿಪರಿನಿಂದ ತೊಟ್ಟಿಯವರೆಗೆ ಆಯಿಲ್‌ಗೆ ಬಾಗಿಲು ತೆರೆದೇ ಇದೆ. ಲಿವರ್ ಅದುಮಿದ ಕೂಡಲೇ ಕಪ್ಪು ಆ ತೂತನ್ನು ದಾಟುತ್ತದೆ, ಬಾಗಿಲು ಮುಚ್ಚುತ್ತದೆ, ಒತ್ತಡ ಏರಲು ಶುರುವಾಗುತ್ತದೆ. ಬ್ರೇಕ್ ಬಿಸಿಯಾಗಿ ಆಯಿಲ್ ಹಿಗ್ಗಿದರೆ ಹೆಚ್ಚಾದದ್ದು ಮೇಲಕ್ಕೆ ಹೋಗುವುದೂ, ಪ್ಯಾಡ್ ಸವೆದಂತೆ ಬೇಕಾದ ಆಯಿಲ್ ಕೆಳಗಿಳಿಯುವುದೂ ಈ ದಾರಿಯಲ್ಲೇ.

ಮುಚ್ಚಳದ ಕೆಳಗೆ ಮಡಿಕೆ ಮಡಿಕೆಯಾದ ರಬ್ಬರ್ ಪದರವೊಂದಿದೆ. ಆಯಿಲ್ ಕೆಳಗಿಳಿದಷ್ಟೂ ಅದು ಮಡಿಕೆ ಬಿಚ್ಚಿ ಹಿಂಬಾಲಿಸುತ್ತದೆ, ಗಾಳಿಯ ತೇವ ಆಯಿಲ್‌ಗೆ ತಾಗಲು ಬಿಡುವುದಿಲ್ಲ. ಹಾಗಾಗಿ ತೊಟ್ಟಿಯ ಪುಟ್ಟ ಕಿಟಕಿಯಲ್ಲಿ ಆಯಿಲ್ ಮಟ್ಟ ಕಡಿಮೆಯಾಗಿದೆ ಎಂದು ಕಂಡ ತಕ್ಷಣ ಆಯಿಲ್ ಸುರಿಯುವುದು ಸರಿಯಲ್ಲ. ಮೊದಲು ಪ್ಯಾಡ್ ಸವೆದಿದೆಯೇ ನೋಡಬೇಕು. ಪ್ಯಾಡ್ ಸವೆದಾಗ ತೊಟ್ಟಿ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕುವ ದಿನ ಕ್ಯಾಲಿಪರಿನ ಪಿಸ್ಟನ್ನುಗಳನ್ನು ಒಳದೂಡಿದಾಗ ಆಯಿಲ್ ಉಕ್ಕಿ ಟ್ಯಾಂಕಿನ ಬಣ್ಣದ ಮೇಲೆ ಹರಿಯುತ್ತದೆ.

ಗುರುತು ಹಿಡಿಯುವುದು

ಮಾಸ್ಟರಿನ ನಿಜವಾದ ಹೆಸರು ಅದರ ಕೊಳವೆಯ ಒಳವ್ಯಾಸ. ಗಾಡಿಯ ಹೆಸರು, ಮಾದರಿ, ವರ್ಷ ಹೇಳಿ ಅಂಗಡಿಯಲ್ಲಿ ಕೇಳುವುದು ವಾಡಿಕೆ. ಆದರೆ ಒಂದೇ ಹೆಸರಿನ ಗಾಡಿಗೆ ಕಂಪನಿಯೇ ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಮಾಸ್ಟರ್ ಹಾಕಿರಬಹುದು, ಹಳೆ ಗಾಡಿಯಾದರೆ ಹಿಂದಿನ ಮಾಲೀಕ ಯಾವುದನ್ನೋ ತಂದು ಕೂರಿಸಿರಬಹುದು. ಅಳತೆ ಮಾತ್ರ ಸುಳ್ಳು ಹೇಳುವುದಿಲ್ಲ.

ಹೆಚ್ಚಿನ ತಯಾರಕರು ಈ ಅಳತೆಯನ್ನು ಎರಕದಲ್ಲೇ ಉಬ್ಬುಅಕ್ಷರದಲ್ಲಿ ಮೂಡಿಸಿರುತ್ತಾರೆ. ಡಬ್ಬಿಯನ್ನು ತಿರುವಿ, ಕ್ಲಾಂಪಿನ ಪಕ್ಕ ಅಥವಾ ಹೊಟ್ಟೆಯ ಕೆಳಗೆ ಮೆತ್ತಿದ ಧೂಳು ಒರೆಸಿದರೆ ‘11’, ‘14’ ಎಂಬ ಮಿಲಿಮೀಟರ್ ಅಂಕಿಯೋ, ‘1/2’, ‘5/8’, ‘11/16’ ಎಂಬ ಅಂಗುಲದ ಭಿನ್ನರಾಶಿಯೋ ಕಾಣುತ್ತದೆ. ಅರ್ಧ ಅಂಗುಲ ಎಂದರೆ 12.7 ಮಿ.ಮೀ., 5/8 ಎಂದರೆ 15.87. ಒಂದೇ ಡಿಸ್ಕಿನ ಚಿಕ್ಕ ಗಾಡಿಗಳಲ್ಲಿ 11ರಿಂದ 14ರ ಆಸುಪಾಸು, ಮುಂದೆ ಜೋಡಿ ಡಿಸ್ಕ್ ಇರುವವುಗಳಲ್ಲಿ 14ರಿಂದ 16ರ ಆಸುಪಾಸು ಸಾಮಾನ್ಯ. ಅಂಕಿ ಇಲ್ಲದಿದ್ದರೆ ಅಥವಾ ಉಜ್ಜಿಹೋಗಿದ್ದರೆ ಬಿಚ್ಚಿ ವರ್ನಿಯರ್‌ನಿಂದ ಅಳೆಯಬೇಕು. ಇಲ್ಲೊಂದು ಎಚ್ಚರ: ಕೊಳವೆಯ ಬಾಯಿಯನ್ನು ಸರ್ಕ್ಲಿಪ್ಪಿಗೆ, ಟೋಪಿಗೆ ಜಾಗ ಬೇಕೆಂದು ಅಗಲವಾಗಿ ಕೊರೆದಿರುತ್ತಾರೆ. ಬಾಯಲ್ಲೇ ಅಳೆದವನಿಗೆ ಅಳತೆ ಹೆಚ್ಚು ಬರುತ್ತದೆ. ಕಪ್ಪು ಓಡಾಡುವ ಒಳಭಾಗವನ್ನು ಅಳೆಯಬೇಕು, ಇಲ್ಲವೇ ಪಿಸ್ಟನ್ನಿನ ತಲೆಯನ್ನು ಅಳೆದು ಅದಕ್ಕಿಂತ ಕೂದಲೆಳೆ ಹೆಚ್ಚು ಎಂದು ತಿಳಿಯಬೇಕು.

ಒಂದೆರಡು ಮಿಲಿಮೀಟರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದರೆ, ಲೆಕ್ಕ ಹಾಕಿ ನೋಡಬಹುದು. ಬೆರಳು 5 ಕೆ.ಜಿ. ಬಲದಿಂದ ಲಿವರ್ ಎಳೆಯಿತು, ಲಿವರಿನ ಸನ್ನೆ ಅದನ್ನು ಆರು ಪಟ್ಟು ಮಾಡಿತು ಎಂದಿಟ್ಟುಕೊಳ್ಳೋಣ. ಪಿಸ್ಟನ್ನಿನ ಮೇಲೆ 30 ಕೆ.ಜಿ. ಬಿತ್ತು. 12.7 ಮಿ.ಮೀ. ಪಿಸ್ಟನ್ನಿನ ಮುಖದ ವಿಸ್ತೀರ್ಣ 1.27 ಚದರ ಸೆಂಟಿಮೀಟರ್. ಹಾಗಾಗಿ ಆಯಿಲ್‌ನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 24 ಕೆ.ಜಿ. ಒತ್ತಡ ಏಳುತ್ತದೆ, ಟೈರಿನ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಮೇಲೆ. ಕ್ಯಾಲಿಪರಿನ ಒಂದೇ ಬದಿಯಲ್ಲಿ 26 ಮಿ.ಮೀ.ನ ಎರಡು ಪಿಸ್ಟನ್ ಇದ್ದರೆ ಪ್ಯಾಡ್ ಡಿಸ್ಕನ್ನು ಸುಮಾರು 250 ಕೆ.ಜಿ.ಯಿಂದ ಅದುಮುತ್ತದೆ. ಈಗ ಅದೇ ಗಾಡಿಗೆ, ನೋಡಲು ಚೆನ್ನಾಗಿದೆ ಎಂದು 5/8 ಅಂಗುಲದ ಮಾಸ್ಟರ್ ಹಾಕಿದರೆ? ಅದೇ ಬೆರಳಿನ ಬಲಕ್ಕೆ ಒತ್ತಡ 15ಕ್ಕೆ ಇಳಿಯುತ್ತದೆ, ಪ್ಯಾಡಿನ ಬಿಗಿ 160ಕ್ಕೆ. ಲಿವರ್ ಮಾತ್ರ ಕಲ್ಲಿನಂತೆ ಗಟ್ಟಿಯಾಗಿ, ಕೈಗೆ ‘ಆಹಾ, ಏನು ಬ್ರೇಕು’ ಅನ್ನಿಸುತ್ತದೆ. ಗಟ್ಟಿ ಲಿವರ್ ಎಂದರೆ ಒಳ್ಳೆಯ ಬ್ರೇಕ್ ಎಂಬ ನಂಬಿಕೆ ತಪ್ಪು, ಮತ್ತು ಅಪಾಯಕಾರಿ. ತೀರ ಚಿಕ್ಕ ಮಾಸ್ಟರ್ ಹಾಕಿದರೆ ಇದರ ತಿರುಗುಮುರುಗು: ಒತ್ತಡ ಹೆಚ್ಚು, ಆದರೆ ಸಾಕಷ್ಟು ಆಯಿಲ್ ತಳ್ಳಲಾಗದೆ ಲಿವರ್ ಹಿಡಿಕೆಗೆ ಬಂದು ತಾಗುತ್ತದೆ. 12.7ಕ್ಕೂ 14ಕ್ಕೂ ನಡುವಿನ ವ್ಯತ್ಯಾಸವೇ ವಿಸ್ತೀರ್ಣದಲ್ಲಿ ಸುಮಾರು ಶೇಕಡಾ 22. ಈ ಲೆಕ್ಕದಲ್ಲಿ ಕ್ಯಾಲಿಪರಿನ ಒಂದು ಬದಿಯ ಪಿಸ್ಟನ್ನುಗಳನ್ನು ಮಾತ್ರ ಎಣಿಸಬೇಕು ಎಂಬುದನ್ನು ಮರೆಯಬಾರದು. ಎರಡೂ ಬದಿಗೆ ಪಿಸ್ಟನ್ ಇದ್ದರೂ ಅಷ್ಟೇ.

ರಾಜದೂತ್ 350 ಇಟ್ಟುಕೊಂಡವರಿಗೆ ಈ ಲೆಕ್ಕ ಬೇಕೇ ಬೇಕು. ಯಮಾಹಾದ ಮೂಲ ಆರ್‌ಡಿ 350ಕ್ಕೆ ಜಪಾನಿನಲ್ಲಿ ಮುಂದೆ ಡಿಸ್ಕ್ ಇತ್ತು. ಎಸ್ಕಾರ್ಟ್ಸ್ ಕಂಪನಿ 1983ರಿಂದ ಅದನ್ನೇ ರಾಜದೂತ್ 350 ಎಂದು ಇಲ್ಲಿ ತಯಾರಿಸಿದಾಗ ಡ್ರಮ್ ಕೊಟ್ಟಿತು. ಅಷ್ಟು ವೇಗದ ಗಾಡಿಗೆ ಆ ಡ್ರಮ್ ಸಾಲದು ಎಂದು ಬೇರೆ ಗಾಡಿಯ ಫೋರ್ಕು, ಕ್ಯಾಲಿಪರು, ಮಾಸ್ಟರು ತಂದು ಕೂರಿಸುವುದು ಆ ಗಾಡಿಯ ಪ್ರಿಯರಲ್ಲಿ ಹಳೆಯ ರೂಢಿ. ಕ್ಯಾಲಿಪರ್ ಒಂದು ಗಾಡಿಯದು, ಮಾಸ್ಟರ್ ಇನ್ನೊಂದರದ್ದು ಆದಾಗ ಎರಡರ ಪಿಸ್ಟನ್ ವಿಸ್ತೀರ್ಣ ಹೊಂದುತ್ತದೆಯೇ ಎಂದು ನೋಡದೆ ರಸ್ತೆಗೆ ಇಳಿಸುವುದು ತಪ್ಪು. ಸಾಧ್ಯವಾದರೆ ಎರಡನ್ನೂ ಒಂದೇ ಗಾಡಿಯಿಂದ ತರುವುದು ಮೇಲು.

ವ್ಯಾಸ ಗೊತ್ತಾದ ಮೇಲೆ ಉಳಿದ ಗುರುತುಗಳು. ಹ್ಯಾಂಡಲ್ ಪೈಪಿನ ದಪ್ಪ ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ 22.2 ಮಿ.ಮೀ., ಅಂದರೆ 7/8 ಅಂಗುಲ; ಕ್ಲಾಂಪ್ ಅದಕ್ಕೆ ಹೊಂದಬೇಕು. ಹೋಸ್ ಪೈಪನ್ನು ಹಿಡಿಯುವ, ನಡುವೆ ತೂತಿರುವ ಬ್ಯಾಂಜೊ ಬೋಲ್ಟ್ 10 ಮಿ.ಮೀ.ನದ್ದೇ ಆದರೂ ಅದರ ಥ್ರೆಡ್ ಎರಡು ಬಗೆ: ಜಪಾನಿ ಮೂಲದವು 1.25 ಪಿಚ್, ಬ್ರೆಂಬೊ ಬಳಗದವು 1.0. ಎರಡೂ ಒಂದೆರಡು ಸುತ್ತು ತಿರುಗಿ ಕೂರುವಂತೆ ನಟಿಸುತ್ತವೆ. ಅಲ್ಲಿಗೇ ಪಾನಾ ಹಾಕಿ ಬಲವಂತ ಮಾಡಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ, ಮಾಸ್ಟರ್ ಕಸಕ್ಕೆ. ಕನ್ನಡಿ ಕೂರುವ ಕಿವಿ ಇದೆಯೇ, ಅದರ ಥ್ರೆಡ್ ಯಾವುದು ಎಂಬುದೂ ಮುಖ್ಯ. ಯಮಾಹಾ ಗಾಡಿಗಳ ಬಲಗನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ. ಇದು ತಿಳಿಯದೆ ಕನ್ನಡಿ ಬಿಚ್ಚಲು ಹೋಗಿ ಕಿವಿಯನ್ನೇ ಮುರಿದುಕೊಂಡವರು ಇದ್ದಾರೆ. ಬ್ರೇಕ್ ಲೈಟಿನ ಸ್ವಿಚ್ ಎಲ್ಲಿ ಕೂರುತ್ತದೆ, ಹೋಸ್ ಯಾವ ಕೋನದಲ್ಲಿ ಹೊರಡುತ್ತದೆ, ತೊಟ್ಟಿ ಮೈಗೇ ಅಂಟಿದೆಯೇ ಅಥವಾ ಪೈಪಿನಿಂದ ಜೋಡಿಸಿದ ಬೇರೆ ಡಬ್ಬಿಯೇ, ಇವನ್ನು ಕಣ್ಣಲ್ಲೇ ಹೋಲಿಸಿ ನೋಡಬಹುದು. ಕೆಲವು ಸಿಬಿಎಸ್ ಗಾಡಿಗಳಲ್ಲಿ ಮಾಸ್ಟರಿಗೆ ಎರಡನೆಯ ಚಿಕ್ಕ ತೋಳೊಂದು ಇದ್ದು, ಇನ್ನೊಂದು ಬ್ರೇಕಿನಿಂದ ಬಂದ ಕೇಬಲ್ ಅದನ್ನು ಎಳೆದು ಪಿಸ್ಟನ್ ತಳ್ಳುತ್ತದೆ. ಅಂಥ ಗಾಡಿಗೆ ತೋಳಿಲ್ಲದ ಮಾಸ್ಟರ್ ಹಾಕಿದರೆ ಮುಂದಿನ ಬ್ರೇಕು ಹಿಡಿಯುತ್ತದೆ, ಆದರೆ ಜೋಡಿ ಬ್ರೇಕಿನ ಕೆಲಸ ಸದ್ದಿಲ್ಲದೆ ಸತ್ತಿರುತ್ತದೆ.

ಹೈದರಾಬಾದಿನ ಪೇಟೆ

ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಸರಿಯಿತು, ಸಾಮಾನು ತರುವ ದಾರಿ ಸರಿಯಲಿಲ್ಲ. ಬೀದರಿನ ಮೆಕ್ಯಾನಿಕನಿಗೆ ಬೆಂಗಳೂರು ರಾತ್ರಿಯ ಪ್ರಯಾಣ. ಹೈದರಾಬಾದ್ ಸುಮಾರು 140 ಕಿ.ಮೀ. ಬೆಳಿಗ್ಗೆ ಬಸ್ಸು ಹತ್ತಿ ಇಮ್ಲಿಬನ್ ನಿಲ್ದಾಣದಲ್ಲಿ ಇಳಿದರೆ ಪುತ್ಲಿಬೌಲಿ, ಕೋಠಿ, ಜಾಂಬಾಗ್ ಕಡೆಯ ದ್ವಿಚಕ್ರ ಬಿಡಿಭಾಗದ ಅಂಗಡಿಗಳು ಹತ್ತಿರ. ಹಳೆ ಗಾಡಿ ಒಡೆದ ಸಾಮಾನಿಗೆ ಗೋಶಾಮಹಲ್. ಸಿಕಂದರಾಬಾದಿನ ರಾಣಿಗಂಜಿನಲ್ಲಿ ವಾಹನದ ಬಿಡಿಭಾಗದ ಜೊತೆ ಬೋಲ್ಟು, ಬೇರಿಂಗು, ಉಪಕರಣಗಳ ಸಾಲು. ಸಂಜೆಗೆ ಸಾಮಾನು ಹೊತ್ತು ಊರಿಗೆ ವಾಪಸ್. ಅಂಗಡಿಯಲ್ಲಿ ನಡೆಯುವುದು ದಖನಿ ಉರ್ದು, ತೆಲುಗು. ಕಲ್ಯಾಣ ಕರ್ನಾಟಕದವರಿಗೆ ಎರಡೂ ಬಾಯಿಗೆ ಹೊಸದಲ್ಲ. 

ಇಲ್ಲಿ ಕೊಳ್ಳುವವನಿಗೆ ಒಂದೇ ಕಿವಿಮಾತು: ಹಳೆಯ ಪಿಸ್ಟನ್ ಜೇಬಿನಲ್ಲಿರಲಿ. ಕಿಟ್ಟಿನ ಪೊಟ್ಟಣದ ಮೇಲೆ ಗಾಡಿಯ ಹೆಸರು ಸರಿಯಾಗಿದ್ದರೂ ಒಳಗಿನ ಪಿಸ್ಟನ್ನಿನ ಉದ್ದ, ಕಪ್ಪು ಕೂರುವ ತೋಡುಗಳ ಜಾಗ, ಸ್ಪ್ರಿಂಗಿನ ಎತ್ತರ ಹಳೆಯದಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯ ಕಟ್ಟೆಯ ಮೇಲೇ ಪಕ್ಕಪಕ್ಕ ಇಟ್ಟು ನೋಡಬೇಕು. ಪಿಸ್ಟನ್ ಅರ್ಧ ಮಿಲಿಮೀಟರ್ ಉದ್ದವಾದರೂ ಕಪ್ಪು ಆ ಸಣ್ಣ ತೂತನ್ನು ಸದಾ ಮುಚ್ಚಿಕೊಂಡು ಕೂರಬಹುದು. ನಕಲಿ ಕಿಟ್ಟಿನ ರಬ್ಬರಿನಲ್ಲಿ ಅಂಚು ಒರಟು, ಅಚ್ಚಿನ ಗೆರೆ ಉಳಿದಿರುತ್ತದೆ. ಉಗುರಿನಿಂದ ಕಪ್ಪಿನ ತುಟಿಯನ್ನು ಸವರಿದರೆ ಒಳ್ಳೆಯ ಮಾಲು ಬ್ಲೇಡಿನಂತೆ ನಯವಾಗಿ, ಸಮನಾಗಿ ಸಿಗುತ್ತದೆ. ಗುಜರಿಯಿಂದ ಪೂರ್ತಿ ಮಾಸ್ಟರ್ ತರುವುದು ತಪ್ಪೇನಲ್ಲ. ಆದರೆ ಅದರೊಳಗಿನ ರಬ್ಬರನ್ನು ನಂಬಬಾರದು. ಕೊಳವೆ ಚೆನ್ನಾಗಿದೆಯೇ ನೋಡಿ ತಂದು ಹೊಸ ಕಿಟ್ ಹಾಕಿಯೇ ಕೂರಿಸಬೇಕು. ಬಿದ್ದ ಗಾಡಿಯಿಂದ ಬಂದದ್ದಾದರೆ ಕ್ಲಾಂಪು, ಲಿವರ್ ಕೂರುವ ಕಿವಿಗಳಲ್ಲಿ ಕೂದಲಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು.

ಕಾಯಿಲೆಗಳು

ಲಿವರ್ ಹಿಡಿದಿಟ್ಟರೆ ಮೆಲ್ಲಮೆಲ್ಲನೆ ಹಿಡಿಕೆಯ ಕಡೆ ಇಳಿಯುತ್ತಾ ಹೋಗುವುದು, ಹೊರಗೆಲ್ಲೂ ಸೋರಿಕೆ ಇಲ್ಲದಿರುವುದು: ಮುಂದಿನ ಕಪ್ಪು ಸೋತಿದೆ, ಆಯಿಲ್ ಅದರ ಅಂಚು ದಾಟಿ ಹಿಂದಕ್ಕೆ ಜಾರುತ್ತಿದೆ. ಟೋಪಿಯ ಬಳಿ ತೇವ, ಲಿವರಿನ ಕೆಳಗೆ ಬಣ್ಣ ಗುಳ್ಳೆಯೆದ್ದು ಸುಲಿಯುವುದು: ಹಿಂದಿನ ಕಪ್ಪು ಹೋಗಿದೆ. ಲಿವರ್ ಸ್ಪಂಜಿನಂತೆ ಮೆತ್ತಗಿದ್ದು ಎರಡು ಮೂರು ಸಲ ಅದುಮಿದಾಗ ಗಟ್ಟಿಯಾದರೆ ಅದು ಗಾಳಿ ಸೇರಿರುವ ಲಕ್ಷಣ, ಮಾಸ್ಟರಿನ ತಪ್ಪೇ ಆಗಿರಬೇಕಿಲ್ಲ.

ಇವೆಲ್ಲ ಕೈಗೆ ತಿಳಿಯುವ ಕಾಯಿಲೆಗಳು. ಮೋಸಗಾರ ಕಾಯಿಲೆ ಆ ಸೂಜಿಮೊನೆಯ ತೂತು ಕಟ್ಟಿಕೊಳ್ಳುವುದು. ವರ್ಷಗಟ್ಟಲೆ ಬದಲಿಸದ ಆಯಿಲ್ ತೊಟ್ಟಿಯ ತಳದಲ್ಲಿ ಕಡುಕಷಾಯದ ಬಣ್ಣದ ಲೋಳೆಯಾಗಿ ಕೂರುತ್ತದೆ. ಅದರಲ್ಲೊಂದು ಕಣ ಸಣ್ಣ ತೂತಿಗೆ ಇಳಿದರೆ ಸಾಕು, ಬಾಗಿಲು ಮುಚ್ಚಿತು. ಬೆಳಗಿನ ತಂಪಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮಧ್ಯಾಹ್ನ ಹೈದರಾಬಾದಿನ ಅಬಿಡ್ಸ್ ಕಡೆಯ ದಟ್ಟಣೆಯಲ್ಲಿ ಹತ್ತು ಸಲ ಬ್ರೇಕ್ ಹಿಡಿದು ಬಿಟ್ಟಂತೆ ಆಯಿಲ್ ಕಾಯುತ್ತದೆ, ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪ್ಯಾಡುಗಳನ್ನೇ ಡಿಸ್ಕಿಗೆ ಒತ್ತುತ್ತದೆ. ಒತ್ತಿದ್ದಕ್ಕೆ ಮತ್ತಷ್ಟು ಬಿಸಿ, ಬಿಸಿಗೆ ಮತ್ತಷ್ಟು ಒತ್ತು. ಲಿವರಿನ ಸಡಿಲು ಮಾಯವಾಗಿ ಮುಟ್ಟಿದರೆ ಕಬ್ಬಿಣದಂತೆ ನಿಂತಿರುತ್ತದೆ, ಗಾಡಿ ಎಳೆಯುತ್ತದೆ, ಕೊನೆಗೆ ಮುಂದಿನ ಚಕ್ರ ಬಿಗಿದುಕೊಳ್ಳುತ್ತದೆ. ನೆರಳಿನಲ್ಲಿ ಅರ್ಧ ಗಂಟೆ ನಿಂತರೆ ತಾನಾಗಿ ಬಿಡುತ್ತದೆ. ಮೆಕ್ಯಾನಿಕನ ಬಳಿ ತಲುಪುವಷ್ಟರಲ್ಲಿ ರೋಗ ಕಾಣೆ. ‘ಕ್ಯಾಲಿಪರ್ ಜಾಮ್’ ಎಂದು ಕ್ಯಾಲಿಪರ್ ಬಿಚ್ಚಿಸಿಕೊಂಡು ಹಣ ತೆತ್ತು ಬಂದವನಿಗೆ ಮರುವಾರ ಅದೇ ಕಥೆ. ಚಕ್ರ ಬಿಗಿದು ನಿಂತ ಹೊತ್ತಿನಲ್ಲಿ ಪರೀಕ್ಷೆ ಸುಲಭ. ಕೈ, ಕಣ್ಣು ಸುಡದಂತೆ ಎಚ್ಚರ ವಹಿಸಿ, ಮಾಸ್ಟರಿನ ಬ್ಯಾಂಜೊ ಬೋಲ್ಟಿನ ಸುತ್ತ ಬಟ್ಟೆ ಸುತ್ತಿ ಒಂದಿಷ್ಟು ಸಡಿಲಿಸಿದಾಗ ಚಕ್ರ ಬಿಟ್ಟುಕೊಂಡರೆ ಕಟ್ಟಿರುವುದು ಮೇಲೆ, ಮಾಸ್ಟರಿನಲ್ಲೇ; ಆಗಲೂ ಬಿಡದಿದ್ದರೆ ಹೋಸ್ ಅಥವಾ ಕ್ಯಾಲಿಪರ್.

ಅಂದಕ್ಕೆಂದು ಹಾಕುವ ಬಣ್ಣಬಣ್ಣದ ಲಿವರ್‌ಗಳೂ ಇದೇ ಕಾಯಿಲೆ ತರುತ್ತವೆ. ಅವುಗಳ ಮೂತಿ ಒಂದು ಕೂದಲಳತೆ ಉದ್ದವಿದ್ದರೂ ಪಿಸ್ಟನ್ ಪೂರ್ತಿ ಹಿಂದೆ ಬರದೆ ತೂತು ಮುಚ್ಚಿಯೇ ಇರುತ್ತದೆ. ಲಿವರಿನ ತುದಿಯಲ್ಲಿ ಸ್ವಲ್ಪ ಸಡಿಲಾಟ ಇರಲೇಬೇಕು.

ಬಿಚ್ಚಿ ಕಟ್ಟುವುದು

ಮೊದಲು ಟ್ಯಾಂಕು, ಮಡ್‌ಗಾರ್ಡಿನ ಮೇಲೆ ಒದ್ದೆ ಬಟ್ಟೆ ಹೊದಿಸಬೇಕು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ನೀರಿನಲ್ಲಿ ಕರಗುವುದರಿಂದ ಬಿದ್ದ ಕೂಡಲೇ ನೀರು ಸುರಿದರೆ ಉಳಿಯುತ್ತದೆ. ಮುಚ್ಚಳದ ಎರಡು ಚಿಕ್ಕ ಸ್ಕ್ರೂಗಳ ತಲೆ ಸವೆದುಹೋಗುವುದು ಎಲ್ಲ ಗ್ಯಾರೇಜುಗಳ ಗೋಳು. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಹಿಂದಿನಿಂದ ಸುತ್ತಿಗೆಯಿಂದ ಮೆಲ್ಲಗೆ ಎರಡೇಟು ಕೊಟ್ಟು, ಒತ್ತಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಹಳೆ ಆಯಿಲನ್ನು ಸಿರಿಂಜಿನಿಂದ ಹೀರಿ ತೆಗೆದು, ಮಾಸ್ಟರ್ ಇನ್ನೂ ಹ್ಯಾಂಡಲ್ ಮೇಲೆ ಗಟ್ಟಿಯಾಗಿ ಕೂತಿರುವಾಗಲೇ ಬ್ಯಾಂಜೊ ಬೋಲ್ಟ್ ಸಡಿಲಿಸಬೇಕು, ಆಮೇಲೆ ಕ್ಲಾಂಪು.

ಮೇಜಿನ ಮೇಲೆ ಲಿವರು, ಬ್ರೇಕ್ ಸ್ವಿಚ್ಚು, ಟೋಪಿ ತೆಗೆದರೆ ಸರ್ಕ್ಲಿಪ್ ಕಾಣುತ್ತದೆ, ಅಥವಾ ಬಿಳಿ ಬೂಷ್ಟಿನಂತೆ ಕಟ್ಟಿದ ಅಲ್ಯೂಮಿನಿಯಂ ಜಂಗಿನಲ್ಲಿ ಹೂತಿರುತ್ತದೆ. ಅದನ್ನು ಮೊನಚು ಕಡ್ಡಿಯಿಂದ ಕೆರೆದು ತೆಗೆಯದೆ ಪ್ಲೈಯರ್ ಹಾಕಬಾರದು. ಬಾಯಿ ಕಿರಿದು, ಆಳ ಹೆಚ್ಚು. ಮೂತಿ ಉದ್ದವಾಗಿ ಸಪೂರವಿರುವ ಸರ್ಕ್ಲಿಪ್ ಪ್ಲೈಯರೇ ಬೇಕು. ಪಿಸ್ಟನ್ನನ್ನು ಒಳಕ್ಕೆ ಒತ್ತಿ ಹಿಡಿದು ಸರ್ಕ್ಲಿಪ್ ತೆಗೆದರೆ ಸ್ಪ್ರಿಂಗು ಎಲ್ಲವನ್ನೂ ಹೊರದೂಡುತ್ತದೆ. ಬಂದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಜಾಣತನ.

ತೊಳೆಯುವ ವಿಷಯದಲ್ಲಿ ಈ ಲೇಖಕನಿಗೆ ರಾಜಿಯಿಲ್ಲ. ನಮ್ಮ ಗ್ಯಾರೇಜುಗಳಲ್ಲಿ, ಹೈದರಾಬಾದಿರಲಿ ಹುಬ್ಬಳ್ಳಿಯಿರಲಿ, ಏನು ಬಿಚ್ಚಿದರೂ ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಡಬ್ಬಕ್ಕೆ ಅದ್ದುವುದು ಅಭ್ಯಾಸ. ಎಂಜಿನ್ನಿಗೆ, ಚೈನಿಗೆ ಅದು ಸರಿ. ಮಾಸ್ಟರಿಗೆ ವಿಷ. ಬ್ರೇಕಿನ ಕಪ್ಪುಗಳು ಗ್ಲೈಕಾಲ್ ಆಯಿಲ್‌ಗೆಂದು ಮಾಡಿದ ಇಪಿಡಿಎಂ ರಬ್ಬರಿನವು. ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಸಾದಾ ಗ್ರೀಸು ಯಾವುದು ತಾಗಿದರೂ ಊದಿಕೊಂಡು ಮೆತ್ತಗಾಗಿ ತುಟಿ ಕಳೆದುಕೊಳ್ಳುತ್ತವೆ. ಅದು ಅಂದೇ ಕಾಣುವುದಿಲ್ಲ, ವಾರಗಳ ಮೇಲೆ ಕಾಣುತ್ತದೆ. ಹೊಸ ಬ್ರೇಕ್ ಆಯಿಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್, ಇವೆರಡರಲ್ಲೇ ತೊಳೆಯಬೇಕು.

ಆಮೇಲೆ ಕೊಳವೆಯ ಒಳಗೆ ಟಾರ್ಚು ಬಿಡಬೇಕು. ಕಪ್ಪು ಓಡಾಡಿದ ಜಾಗ ಹೊಳೆಯುತ್ತಿದ್ದರೆ ಸಾಕು. ಬೆಂಕಿಕಡ್ಡಿಯ ತುದಿಗೆ ತಾಗುವಷ್ಟು ಗೀರು, ಗುಳಿ ಇದ್ದರೆ ಹೊಸ ಕಿಟ್ ಹಾಕಿ ಪ್ರಯೋಜನವಿಲ್ಲ, ಮಾಸ್ಟರ್ ಬದಲಿಸಬೇಕು. ಎಮರಿ ಪೇಪರ್ ಸುತ್ತಿ ಉಜ್ಜಿ ಗೀರು ತೆಗೆಯುವವರಿದ್ದಾರೆ. ಒಳಮೈಗೆ ಕೊಟ್ಟಿರುವ ಗಟ್ಟಿ ಆನೊಡೈಸ್ ಪದರ ಅದರಿಂದ ಹೋಗುತ್ತದೆ. ಬರಿಮೈ ಅಲ್ಯೂಮಿನಿಯಂ ಮುಂದಿನ ಮಳೆಗಾಲದೊಳಗೆ ಮತ್ತೆ ಗುಳಿ ಬೀಳುತ್ತದೆ.

ಸಣ್ಣ ತೂತಿಗೆ ಹಳೆ ಕೇಬಲಿನ ಒಂದೇ ಒಂದು ಸಪೂರ ತಂತಿಯ ಎಳೆ, ಅಥವಾ ಗಿಟಾರಿನ ಅತಿ ಸಣ್ಣ ತಂತಿ ಸಾಕು. ಮೇಲಿನಿಂದ ನೇರ ಇಳಿಸಿ, ಕೊಳವೆಯಲ್ಲಿ ತುದಿ ಇಣುಕಿದ್ದನ್ನು ಕಣ್ಣಾರೆ ಕಾಣಬೇಕು. ಡ್ರಿಲ್ ಬಿಟ್ಟು ದೊಡ್ಡದು ಮಾಡಲೇಬಾರದು. ದೊಡ್ಡದಾದ ತೂತಿನ ಅಂಚು ಕಪ್ಪಿನ ತುಟಿಯನ್ನು ಪ್ರತಿ ಸಲವೂ ಕತ್ತರಿಸುತ್ತದೆ.

ಜೋಡಿಸುವಾಗ ಹೊಸ ಕಪ್ಪುಗಳನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ ತೆಗೆಯಬೇಕು. ಎರಡು ಕಪ್ಪಿನ ತುಟಿಯೂ ಒಳಮುಖವಾಗಿ, ಸ್ಪ್ರಿಂಗಿನ ಕಡೆಗೆ ತೆರೆದಿರಬೇಕು. ಮುಂದಿನದು ತಿರುಗಿ ಕೂತರೆ ಬ್ರೇಕಿಲ್ಲ, ಹಿಂದಿನದು ತಿರುಗಿದರೆ ಆಯಿಲ್ ಹೊರಗೆ ಸೋರುತ್ತದೆ. ಶಂಕುವಿನಂಥ ಸ್ಪ್ರಿಂಗಾದರೆ ಸಣ್ಣ ತುದಿ ಸಾಮಾನ್ಯವಾಗಿ ಪಿಸ್ಟನ್ ಕಡೆಗೆ, ಆದರೂ ಬಿಚ್ಚಿದಾಗಿನ ಚಿತ್ರವೇ ಪ್ರಮಾಣ. ಪಿಸ್ಟನ್ ಒಳಗೆ ಹೋಗುವಾಗ ತುಟಿ ಬಾಯಂಚಿಗೆ ಸಿಕ್ಕಿ ಮಡಚಿಕೊಳ್ಳದಂತೆ ಮೆಲ್ಲಗೆ ತಿರುವುತ್ತಾ ತಳ್ಳಬೇಕು. ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿತೇ ಎಂದು ಪ್ಲೈಯರಿನಲ್ಲೇ ಅತ್ತಿತ್ತ ತಿರುಗಿಸಿ ನೋಡಬೇಕು. ಟೋಪಿಯ ಒಳಗೂ, ಲಿವರಿನ ಮೂತಿಗೂ ರಬ್ಬರಿಗೆ ಹೊಂದುವ ಸಿಲಿಕಾನ್ ಗ್ರೀಸು. ಕ್ಲಾಂಪಿನ ಮೇಲೆ ‘ಅಪ್’ ಗುರುತೋ ಬಾಣವೋ ಇದ್ದರೆ ಅದು ಮೇಲ್ಮುಖವಾಗಿರಲಿ. ಮೇಲಿನ ಬೋಲ್ಟ್ ಮೊದಲು ಬಿಗಿದು ಆಮೇಲೆ ಕೆಳಗಿನದು. ಬ್ಯಾಂಜೊ ಬೋಲ್ಟಿಗೆ ಎರಡೂ ತಾಮ್ರದ ವಾಷರು ಹೊಸವು.

ಆಯಿಲ್ ತುಂಬಿ ಗಾಳಿ ತೆಗೆಯುವುದು

ಮುಚ್ಚಳದ ಮೇಲೆ ಬರೆದ ಆಯಿಲೇ ಹಾಕಬೇಕು, ನಮ್ಮಲ್ಲಿ ಬಹುಪಾಲು ಡಾಟ್ 3 ಅಥವಾ ಡಾಟ್ 4. ಹೊಸದಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೂ, ಡಾಟ್ 4 ಕನಿಷ್ಠ 230ರವರೆಗೂ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಹೀರಿಕೊಂಡ ಮೇಲೆ ಈ ಮಿತಿ 140 ಮತ್ತು 155ಕ್ಕೆ ಕುಸಿಯುತ್ತದೆ. ಕುದಿದು ಆವಿಯಾದ ಆಯಿಲ್ ಗಾಳಿಯಂತೆ ಕುಗ್ಗುತ್ತದೆ, ಲಿವರ್ ಹಿಡಿಕೆಗೆ ಅಂಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಇದಕ್ಕೇ. ಡಾಟ್ 5 ಸಿಲಿಕಾನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು, ಡಾಟ್ 5.1 ಮಾತ್ರ ಹೆಸರು ಹತ್ತಿರವಿದ್ದರೂ ಗ್ಲೈಕಾಲ್ ಬಳಗದ್ದೇ. ಬಾಯಿ ತೆರೆದು ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಡಬ್ಬಿಯ ಆಯಿಲ್ ಬೇಡ.

ಹೊಸದಾಗಿ ಕಟ್ಟಿದ ಮಾಸ್ಟರ್ ಮೊದಮೊದಲು ಏನೂ ತಳ್ಳುವುದಿಲ್ಲ, ಒಳಗೆ ಬರೀ ಗಾಳಿ. ತೊಟ್ಟಿ ತುಂಬಿ ಲಿವರನ್ನು ಬರೀ ತುದಿಯಷ್ಟು, ಅರ್ಧ ಸೆಂಟಿಮೀಟರ್, ಮೆಲ್ಲಗೆ ಅದುಮಿ ಬಿಡುತ್ತಾ ಇದ್ದರೆ ಆ ಸಣ್ಣ ತೂತಿನಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಒಂದೊಂದಾಗಿ ಏಳುತ್ತವೆ. ಗುಳ್ಳೆ ನಿಂತ ಮೇಲೆ ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಹಾಕಿ ಎಂದಿನಂತೆ ಗಾಳಿ ತೆಗೆಯುವುದು: ಅದುಮಿ ಹಿಡಿ, ನಿಪ್ಪಲ್ ತೆರೆ, ಮುಚ್ಚು, ಆಮೇಲೆ ಲಿವರ್ ಬಿಡು. ನಡುವೆ ತೊಟ್ಟಿ ಬರಿದಾಗಲು ಬಿಟ್ಟರೆ ಮತ್ತೆ ಮೊದಲಿನಿಂದ. ಹಟಮಾರಿ ಗಾಳಿ ಕೊನೆಗೆ ಉಳಿಯುವುದು ಮಾಸ್ಟರಿನ ಬ್ಯಾಂಜೊ ಬೋಲ್ಟಿನ ಹತ್ತಿರವೇ, ಏಕೆಂದರೆ ಇಡೀ ದಾರಿಯಲ್ಲಿ ಎತ್ತರದ ಜಾಗ ಅದು. ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ಹೋಸನ್ನು ಬೆರಳಿನಿಂದ ತಟ್ಟಿದರೆ ಮೇಲೇರುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ಆಯಿಲ್ ಅದರ ಪೆಟ್ಟಿಗೆಯನ್ನೂ ಹಾದುಹೋಗುವುದರಿಂದ ಆ ಗಾಡಿಯ ಕೈಪಿಡಿಯ ಕ್ರಮವನ್ನೇ ಅನುಸರಿಸಬೇಕು.

ಮುಚ್ಚಳ ಹಾಕುವ ಮೊದಲು ಕೊನೆಯ ಪರೀಕ್ಷೆ. ಒದ್ದೆ ಬಟ್ಟೆ ಹತ್ತಿರವಿಟ್ಟುಕೊಂಡು, ಮುಖ ದೂರ ಹಿಡಿದು, ಲಿವರನ್ನು ಸ್ವಲ್ಪವೇ ಅದುಮಿದಾಗ ತೊಟ್ಟಿಯ ಆಯಿಲ್‌ನ ಮೇಲ್ಮೈಯಲ್ಲಿ ಪುಟ್ಟ ಚಿಲುಮೆಯೊಂದು ಚಿಮ್ಮಬೇಕು. ಚಿಮ್ಮಿತೆಂದರೆ ಸಣ್ಣ ತೂತು ತೆರೆದಿದೆ, ಪಿಸ್ಟನ್ ಪೂರ್ತಿ ಹಿಂದೆ ಬಂದಿದೆ. ಆಮೇಲೆ ಲಿವರನ್ನು ಬಲವಾಗಿ ಒಂದು ನಿಮಿಷ ಹಿಡಿದಿಡಬೇಕು, ಕೂದಲಿನಷ್ಟೂ ಇಳಿಯಬಾರದು. ಖಾಲಿ ಗಲ್ಲಿಯಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ಬ್ರೇಕ್ ಹಿಡಿದು ನೋಡಿ, ಐದು ಕಿಲೋಮೀಟರ್ ಓಡಿಸಿ ಬಂದು ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಮರುದಿನ ಬೆಳಿಗ್ಗೆ ಬ್ಯಾಂಜೊ ಬೋಲ್ಟಿನ ಸುತ್ತ, ಟೋಪಿಯ ಕೆಳಗೆ ಒಂದು ಬಿಳಿ ಕಾಗದ ಒತ್ತಿ ತೆಗೆದಾಗ ಅದು ಒಣಗಿಯೇ ಇರಬೇಕು.